ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತದೆ?

ಕೇಳುಗರಿಗೆ ನಮಸ್ಕಾರ. ನಮ್ಮದೊಂದು ಸಣ್ಣ ಲೇಔಟ್ ಇದೆ ಎಂದು ಬೆಂಗಳೂರಿನಲ್ಲಿ ಯಾರಿಗೆ ಹೇಳಿದರೂ ಮೊದಲು ಬರುವ ಪ್ರಶ್ನೆ, ಸೈಟು ಎಷ್ಟಕ್ಕೆ ಅಂತ. ಇಲ್ಲ ಸ್ವಾಮಿ, ಇದು ಮಾಡೆಲ್ ರೈಲಿನ ಲೇಔಟ್. ಐದು ಮೀಟರ್ ಉದ್ದದ ಪ್ಲೈವುಡ್ ಮೇಜು, ಅದರ ಮೇಲೆ ಹಳಿ, ಹಳಿ ಮೇಲೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಇಂಜಿನ್. ಎಂಟು ಜನ ಸೇರಿ ಕಟ್ಟಿಕೊಂಡ ಕ್ಲಬ್ಬು. ಒಬ್ಬರ ಮನೆ ಮಹಡಿಯ ರೂಮಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸೇರಿ ಊಟದ ಹೊತ್ತಿಗೆ ಮುಗಿಸುತ್ತೇವೆ. ಊಟದ ಹೊತ್ತು ಅಂದರೆ ಎಷ್ಟು ಗಂಟೆ ಎನ್ನುವುದರಲ್ಲಿ ನಮಗೂ ನಮ್ಮ ಮನೆಯವರಿಗೂ ಇನ್ನೂ ಒಮ್ಮತ ಬಂದಿಲ್ಲ.

ನಾವು ಮಾಡಲು ಹೊರಟಿದ್ದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿ. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಹಾಸನ–ಮಂಗಳೂರು ಮಾರ್ಗದ ಕಷ್ಟದ ತುಂಡು ಅದು. ಸುಮಾರು 55 ಕಿಲೋಮೀಟರ್, 57 ಸುರಂಗ, 50 ಅಡಿ ಮುಂದೆ ಹೋದರೆ ಒಂದು ಅಡಿ ಏರು. ನಮ್ಮ ಅಳತೆ ಎಚ್‌ಒ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಇಡೀ ಘಾಟಿಗೆ 630 ಮೀಟರ್ ಉದ್ದದ ಮೇಜು ಬೇಕು. ನಮ್ಮ ಐದು ಮೀಟರಿನಲ್ಲಿ ಹಿಡಿಯುವುದು ನಿಜದ 435 ಮೀಟರ್ ಅಷ್ಟೇ. ಹಾಗಾಗಿ ಘಾಟಿಯ ನಡುವೆ ಇರುವ ಎಡಕುಮೇರಿಯ ನೆನಪು ತರುವ ಒಂದು ಪುಟ್ಟ ಸ್ಟೇಷನ್, ಆ ಕಡೆ ಒಂದು ಸುರಂಗ, ಈ ಕಡೆ ಒಂದು ಸುರಂಗ, ನಡುವೆ ಒಂದು ಸೇತುವೆ. ಮುಗೀತು.

ಒಂದು ಸುಳ್ಳನ್ನು ಈಗಲೇ ಒಪ್ಪಿಕೊಳ್ಳುತ್ತೇನೆ. ಮೀಟರ್ ಗೇಜ್ ಹೋಗಿ ಈಗ ಅಲ್ಲಿರುವುದು ಬ್ರಾಡ್ ಗೇಜ್, ಎರಡು ಹಳಿಗಳ ನಡುವಿನ ಅಗಲ 1676 ಮಿಲಿಮೀಟರ್, ಅದು ಎಚ್‌ಒನಲ್ಲಿ 19 ಮಿಲಿಮೀಟರ್ ಚಿಲ್ಲರೆ ಆಗಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿಲಿಮೀಟರ್, ಅದು ಯುರೋಪ್ ಮತ್ತು ಅಮೆರಿಕದ ಗೇಜಿನ ಲೆಕ್ಕ. ಸಾಮಾನ್ಯ ಜನರಿಗೆ ಇದು ಗೊತ್ತಾಗುವುದಿಲ್ಲ, ಗೊತ್ತಾದವರು ಪಾಪ ಸುಮ್ಮನಿರುತ್ತಾರೆ.

ಹಳಿ ಹಾಕಿ ರೈಲು ಓಡಿಸಿದ್ದು ಬೇಗ ಆಯಿತು. ಸುತ್ತಲಿನ ಕಾಡು, ಗುಡ್ಡ, ಮಣ್ಣು ಮಾಡುವುದರಲ್ಲೇ ನಮ್ಮ ಹೆಣ ಬಿದ್ದಿದ್ದು. ಮೊದಲ ಗುಡ್ಡವನ್ನು ಹಳೇ ಪೇಪರ್ ಮುದ್ದೆ ಮಾಡಿ ಮೈದಾ ಅಂಟಿನಿಂದ ಮೆತ್ತಿದೆವು. ಎರಡು ತಿಂಗಳಲ್ಲಿ ಜಿರಲೆಗಳು ಒಳಗಿಂದ ತಿಂದು, ಪ್ಲಾನಿನಲ್ಲಿ ಇಲ್ಲದ ಇನ್ನೆರಡು ಸುರಂಗ ಕೊರೆದಿದ್ದವು. ಆಮೇಲೆ ಥರ್ಮಾಕೋಲ್ ಕೊರೆದು, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿದ ಬ್ಯಾಂಡೇಜ್ ಬಟ್ಟೆ ಹೊದಿಸಿದೆವು. ನೆಲಕ್ಕೆ ಸೋಸಿದ ಟೀ ಪುಡಿ ಉದುರಿಸಿದೆವು. ನೋಡಲು ತರಗೆಲೆ ಕೊಳೆತ ಕಾಡಿನ ನೆಲದ ಹಾಗೇ ಇರುತ್ತದೆ. ಆದರೆ ಸರಿಯಾಗಿ ಒಣಗಿಸದೆ ಹಾಕಿದ್ದಕ್ಕೆ ಜುಲೈನಲ್ಲಿ ಬೂಸ್ಟು ಬಂತು. ತಮಾಷೆ ಏನೆಂದರೆ, ನಾವು ಮಾಡಿದ ಪಾಚಿಗಿಂತ ಆ ಬೂಸ್ಟೇ ಚೆನ್ನಾಗಿತ್ತು.

ಇನ್ನೊಂದು ಪೆಟ್ಟು ಕೆಂಪು ಮಣ್ಣಿನಿಂದ ತಿಂದೆವು. ಊರಿಂದ ತಂದು, ಜರಡಿ ಹಿಡಿದು, ಹಳಿ ಪಕ್ಕ ಹಾಕಿದೆವು. ಬಣ್ಣ ಅಂದರೆ ಬಣ್ಣ! ಮೂರನೇ ವಾರ ಇಂಜಿನ್ ಕರಕರ ಎನ್ನತೊಡಗಿತು. ಬಿಚ್ಚಿ ನೋಡಿದರೆ ಮೋಟರಿನ ಅಯಸ್ಕಾಂತಕ್ಕೆ ಮಣ್ಣಿನ ಕಬ್ಬಿಣದ ಕಣಗಳು ಮೀಸೆಯ ಹಾಗೆ ಅಂಟಿಕೊಂಡಿದ್ದವು. ಈಗ ಯಾವ ಮಣ್ಣೇ ಆಗಲಿ, ಹಂಚಿನ ಮೇಲೆ ಹುರಿದು, ಅದರಲ್ಲಿ ಅಯಸ್ಕಾಂತ ಆಡಿಸಿದ ಮೇಲೆಯೇ ಮೇಜಿಗೆ ಹೋಗುತ್ತದೆ. ಯಾವ ಹಂಚು ಎಂದು ಮನೆಯಲ್ಲಿ ಯಾರೂ ಇನ್ನೂ ಕೇಳಿಲ್ಲ.

ಇಷ್ಟೆಲ್ಲಾ ಆಗಿ, ಹಸಿರು ಹುಲ್ಲು ಬಂತು, ಮರ ಬಂತು, ಹಸು ಬಂತು, ಎಳನೀರು ಗಾಡಿ ಬಂತು, ಪ್ಲಾಟ್‌ಫಾರ್ಮ್ ಮೇಲೆ ಮೂವತ್ತು ಜನ ಬಂದರು. ನಮಗೆ ಭಾರೀ ಖುಷಿ. ಆಗ ನಮ್ಮಲ್ಲೊಬ್ಬರ ದೊಡ್ಡಪ್ಪ ನೋಡಲು ಬಂದರು. ಅದೇ ಘಾಟಿಯಲ್ಲಿ ಹಳಿ ಕೆಲಸ ಮಾಡಿ ರಿಟೈರ್ ಆದವರು. ಕೈ ಹಿಂದೆ ಕಟ್ಟಿಕೊಂಡು ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದರು. ಆಮೇಲೆ ಕೇಳಿದರು, "ಎಲ್ಲಾ ಚೆಂದ ಉಂಟು ಮಾರಾಯಾ. ಮಳೆ ಬಂದ್ರೆ ನೀರು ಎಲ್ಲಿಗೆ ಹೋಗ್ತದೆ?"

ನಾವು ಎಂಟೂ ಜನ ಮೇಜು ನೋಡಿದೆವು. ಗುಡ್ಡ ನೇರವಾಗಿ ಹಳಿಯ ಜಲ್ಲಿಗೇ ಬಂದು ಇಳಿದಿತ್ತು. ಚರಂಡಿಯೇ ಇಲ್ಲ. ಹಳಿಯ ಅಡಿಯಿಂದ ನೀರು ದಾಟಿಸುವ ಮೋರಿಯೂ ಇಲ್ಲ. ಪಶ್ಚಿಮ ಘಟ್ಟದ ಮಳೆಗೆ ಇಂಥ ಹಳಿ ಒಂದು ದಿನವೂ ಉಳಿಯುವುದಿಲ್ಲ. ಅಷ್ಟೆಲ್ಲಾ ಚರಂಡಿ, ತಡೆಗೋಡೆ ಇದ್ದೂ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಅಲ್ಲಿ ವಾರಗಟ್ಟಲೆ ರೈಲು ನಿಂತಿತ್ತು, ನೆನಪಿದೆ ಅಲ್ವಾ?

ಮುಂದಿನ ಭಾನುವಾರ ಎರಡು ಮೀಟರ್ ಗುಡ್ಡ ಕಿತ್ತು ಹಾಕಿದೆವು. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿಂದ ಕೆಲಸ ಸುಲಭವಾಯಿತು. ಏನನ್ನು ಎಲ್ಲಿ ಇಡಬೇಕು ಎಂದು ನಾವು ಜಗಳ ಆಡಬೇಕಾಗಿಯೇ ಬರಲಿಲ್ಲ, ನೀರು ಇಳಿಯುವ ದಾರಿ ಹಿಡಿದುಕೊಂಡು ಹೋದರೆ ಸಾಕು. ಗುಡ್ಡ ಕಡಿದ ಗೋಡೆಯ ಮೇಲಿಂದ ಎಲ್ಲಿ ಜಿನುಗುತ್ತದೋ ಅಲ್ಲಿ ಕಪ್ಪು ಗೆರೆ, ಅದರ ಎರಡೂ ಪಕ್ಕ ಪಾಚಿ. ಬುಡದಲ್ಲಿ ಚರಂಡಿ, ಚರಂಡಿ ತುಂಬುವ ಕಡೆ ಮೋರಿ, ಮೋರಿಯ ಆಚೆ ಕೊರೆದುಹೋದ ಮಣ್ಣು. ಸುರಂಗದ ಬಾಯಿಯಲ್ಲಿ ಮೇಲೆ ಡೀಸೆಲ್ ಹೊಗೆಯ ಮಸಿ, ಕೆಳಗೆ ತೇವ. ನೀರು ನಿಲ್ಲುವ ಕಡೆ ಹುಲ್ಲು ಎತ್ತರ, ನಿಲ್ಲದ ಕಡೆ ಗಿಡ್ಡ. ಝರಿಯನ್ನು ಪಾರದರ್ಶಕ ಸಿಲಿಕೋನ್‌ನಿಂದ ಮಾಡಿದೆವು. ಗಾಜಿನ ಮೇಲೆ ಉದ್ದಕ್ಕೆ ಹಿಂಡಿ, ಹಲ್ಲುಕಡ್ಡಿಯಿಂದ ಎಳೆದು, ಒಣಗಿದ ಮೇಲೆ ಸುಲಿದು ಬಂಡೆಗೆ ಅಂಟಿಸುವುದು.

ಹುಲ್ಲು ನಿಲ್ಲಿಸುವುದಕ್ಕೆ ನಮ್ಮ ಅಸ್ತ್ರ ಸೊಳ್ಳೆ ಬ್ಯಾಟು. ಅದರ ಕರೆಂಟಿನ ಒಂದು ತಂತಿ ಸ್ಟೀಲಿನ ಟೀ ಸೋಸುವ ಜರಡಿಗೆ, ಇನ್ನೊಂದು ಹಸಿ ಅಂಟಿನಲ್ಲಿ ಚುಚ್ಚಿದ ಮೊಳೆಗೆ. ಜರಡಿಯಲ್ಲಿ ಎರಡು ಮಿಲಿಮೀಟರಿನ ನೈಲಾನ್ ಎಳೆ ಹಾಕಿ ಅಲ್ಲಾಡಿಸಿದರೆ, ಒಂದೊಂದು ಎಳೆಯೂ ಕೂದಲು ನೆಟ್ಟಗಾದ ಹಾಗೆ ಎದ್ದು ನಿಲ್ಲುತ್ತದೆ. ಬ್ಯಾಟು ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಶಾಕ್ ಉಳಿದಿರುತ್ತದೆ, ವಿದ್ಯುತ್ ಕೆಲಸ ಗೊತ್ತಿಲ್ಲದವರು ದಯವಿಟ್ಟು ಬಿಚ್ಚಬೇಡಿ. ಜಲ್ಲಿ ಅಂಟಿಸುವಾಗ ಫೆವಿಕಾಲ್‌ಗೆ ನೀರು ಬೆರೆಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ ಹಾಕಿ. ಅದು ಇಲ್ಲದಿದ್ದರೆ ಅಂಟು ಮುತ್ತಿನ ಹಾಗೆ ಉರುಳಿ ಜಲ್ಲಿಯನ್ನೂ ಎಳೆದುಕೊಂಡು ಹೋಗುತ್ತದೆ.

ಸಾಮಾನು ಜಾಸ್ತಿ ಆಗಿದೆ ಅನ್ನಿಸಿದ್ದೂ ಆಗಲೇ. ಎಳನೀರು ಗಾಡಿ ಹೋಯಿತು. ಆ ಕಾಡಿಗೆ ಗಾಡಿ ಬರುವ ರಸ್ತೆಯಾದರೂ ಎಲ್ಲಿ? ಹಸು ಹೋಯಿತು. ಪ್ಲಾಟ್‌ಫಾರ್ಮಿನ ಮೂವತ್ತು ಜನರಲ್ಲಿ ಇಬ್ಬರು ಉಳಿದರು. ಉಳಿದ ಇಪ್ಪತ್ತೆಂಟು ಜನ ಈಗ ಬಿಸ್ಕತ್ ಡಬ್ಬಿಯಲ್ಲಿ ಒಟ್ಟಿಗೇ ಇದ್ದಾರೆ.

ಹಳಿ ಮೇಲೆ ಕೀಮ್ಯಾನ್ ಒಬ್ಬನನ್ನು, ಅಂದರೆ ಹಳಿಯುದ್ದಕ್ಕೂ ನಡೆದು ಪರೀಕ್ಷೆ ಮಾಡುವವನನ್ನು, ಇಟ್ಟೆವು, ಹತ್ತೊಂಬತ್ತು ಮಿಲಿಮೀಟರ್ ಆಳು, ಹೆಗಲ ಮೇಲೆ ಸುತ್ತಿಗೆ. ಅವನನ್ನು ನೋಡಿ ಸದಸ್ಯರೊಬ್ಬರ ಮಗಳು, ನಾಲ್ಕನೇ ಕ್ಲಾಸು, ಕೇಳಿದಳು: "ಅಂಕಲ್, ಜಿಗಣೆ ಎಲ್ಲಿ?" ಲೆಕ್ಕ ಹಾಕಿದೆವು. ಮೂರು ಸೆಂಟಿಮೀಟರಿನ ಜಿಗಣೆ ನಮ್ಮ ಅಳತೆಯಲ್ಲಿ ಮಿಲಿಮೀಟರಿನ ಮೂರನೇ ಒಂದು ಭಾಗ. ಯಾವ ಬ್ರಷ್ಷಿನಿಂದಲೂ ಆಗದ ಮಾತು. ಕೊನೆಗೆ ಕೀಮ್ಯಾನ್‌ನ ಸೊಂಟ ಬ್ಲೇಡಿನಿಂದ ಕೊಯ್ದು, ಮುಂದಕ್ಕೆ ಬಗ್ಗಿಸಿ, ಒಂದು ಕಾಲು ಹಳಿ ಮೇಲೆ ಇರಿಸಿ, ಕೈಯನ್ನು ಪಾದದ ಹತ್ತಿರ ತಂದು ಅಂಟಿಸಿದೆವು. ಸುತ್ತಿಗೆ ಪಕ್ಕದಲ್ಲಿ ಬಿದ್ದಿದೆ.

ಬೆಂಗಳೂರಿನವರು ನೋಡಿ, ಚಪ್ಪಲಿ ಕಿತ್ತುಹೋಗಿರಬೇಕು ಎನ್ನುತ್ತಾರೆ. ದೊಡ್ಡಪ್ಪ ಮತ್ತೆ ಬಂದಾಗ ಚರಂಡಿ ನೋಡಿದರು, ಮೋರಿ ನೋಡಿದರು, ಏನೂ ಹೇಳಲಿಲ್ಲ. ಕೀಮ್ಯಾನ್ ಹತ್ತಿರ ಬಂದು ಬಗ್ಗಿ ನೋಡಿ ನಕ್ಕರು. "ಸುಣ್ಣದ ಡಬ್ಬಿ ಮರೆತು ಬಂದಿದಾನೆ ಇವ."