ಮಾಳಿಗೆ ಮೇಲೆ ನಾಲ್ಕು ಉಸಿರು

ಕೇಳುಗರಿಗೆಲ್ಲ ನಮಸ್ಕಾರ.

ಕಲಬುರಗಿಯ ಬೇಸಿಗೆಯಲ್ಲಿ ತಂಪು ಹೊತ್ತು ಅಂತ ಒಂದಿದ್ದರೆ ಅದು ಬೆಳಗಿನ ಐದೂವರೆ. ಆಗ ಮಾಳಿಗೆ ಮೇಲೆ ಚಾಪೆ ಹಾಸಿ ಕೂರುತ್ತೇನೆ. ಪಕ್ಕದ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವುದು ಶುರುವಾಗಿರುತ್ತದೆ. ಟಪ್, ಟಪ್, ಟಪ್. ಕಣ್ಣು ಮುಚ್ಚಿ ಉಸಿರಿನ ಕಡೆ ಗಮನ ಇಡುತ್ತೇನೆ. ನಾಲ್ಕು ಉಸಿರು ದಾಟುವುದಿಲ್ಲ, ಮನಸ್ಸು ಪಕ್ಕದ ಮನೆಗೆ ಹೋಗಿ ರೊಟ್ಟಿ ಎಣಿಸುತ್ತಿರುತ್ತದೆ. ಇಷ್ಟೊಂದು ಯಾರಿಗೆ? ನೆಂಟರು ಬಂದಿರಬೇಕು. ನಮ್ಮಲ್ಲಿಗೂ ಮುಂದಿನ ವಾರ ಬರುವವರಿದ್ದಾರೆ, ತೊಗರಿ ಬೇಳೆ ಇದೆಯೋ ಇಲ್ಲವೋ? ಬೇಳೆಯಿಂದ ತಮ್ಮನ ಹೊಲ. ಹೊಲದಿಂದ ಹತ್ತು ವರ್ಷದ ಹಿಂದಿನ ಬದುವಿನ ಜಗಳ. ಕೂತಲ್ಲೇ ನನ್ನ ಮುಷ್ಟಿ ಬಿಗಿಯಾಗಿರುತ್ತದೆ!

ಮೊದಮೊದಲು ಇದನ್ನು ಸೋಲು ಅಂದುಕೊಂಡಿದ್ದೆ. ಧ್ಯಾನ ಅಂದರೆ ಮನಸ್ಸು ಖಾಲಿಯಾಗಬೇಕು ಅನ್ನುವ ಮಾತು ಎಲ್ಲೋ ಕೇಳಿ ತಲೆಯಲ್ಲಿ ಉಳಿದಿತ್ತು. ಬೌದ್ಧರ ಹಳೆಯ ಪಾಠ ಬೇರೆಯೇ ಇದೆ. ಮನಸ್ಸಿನಲ್ಲಿ ಸಿಟ್ಟಿದ್ದರೆ ಸಿಟ್ಟಿದೆ ಅಂತ ತಿಳಿ, ಮನಸ್ಸು ಚದುರಿದ್ದರೆ ಚದುರಿದೆ ಅಂತ ತಿಳಿ. ಪಾಲಿ ಭಾಷೆಯಲ್ಲಿ ಇದಕ್ಕೆ ಚಿತ್ತಾನುಪಸ್ಸನಾ, ಅಂದರೆ ಮನಸ್ಸನ್ನು ಗಮನಿಸುವುದು, ಅನ್ನುತ್ತಾರೆ. ಬಂದದ್ದನ್ನು ಓಡಿಸು ಅಂತ ಈ ಪಾಠದಲ್ಲಿ ಇಲ್ಲ.

ಈ ಪಾಠ ನಮ್ಮ ನೆಲಕ್ಕೆ ಹೊಸದೇನಲ್ಲ. ಭೀಮಾ ದಂಡೆಯ ಸನ್ನತಿ ಹತ್ತಿರ, ಕನಗನಹಳ್ಳಿಯಲ್ಲಿ, ದೊಡ್ಡ ಸ್ತೂಪ ಸಿಕ್ಕಿದೆ. ಅಶೋಕನ ಹೆಸರನ್ನೇ ಬ್ರಾಹ್ಮಿ ಲಿಪಿಯಲ್ಲಿ ಕೊರೆದ ಶಿಲ್ಪವೂ ಅಲ್ಲಿದೆ. ಎರಡು ಸಾವಿರ ವರ್ಷದ ಹಿಂದೆ ಇದೇ ಬಿಸಿಲಲ್ಲಿ ಕೂತ ಭಿಕ್ಷುಗಳಿಗೆ ಊಟದ ನೆನಪು ಬಂದಿರಲಿಕ್ಕಿಲ್ಲವೇ? ಅತ್ತ ಕಲ್ಯಾಣದಲ್ಲಿ ಬಸವಣ್ಣನೂ ತನ್ನ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಮಂಗ ಅಂದ. ಅಂಥವರದೇ ಹಾಗಾದರೆ ನಮ್ಮದೇನು ಬಿಡಿ.

ಈಗ ನಾನು ಮಾಡುವುದು ಇಷ್ಟೇ. ಯೋಚನೆ ಕಣ್ಣಿಗೆ ಬಿದ್ದ ಕೂಡಲೇ ಅದಕ್ಕೊಂದು ಸಣ್ಣ ಹೆಸರು ಇಡುತ್ತೇನೆ. 'ಲೆಕ್ಕ'. 'ಜಗಳ'. 'ಚಿಂತೆ'. ಸರಿಯೋ ತಪ್ಪೋ ಅಂತ ತೀರ್ಪು ಕೊಡುವುದಿಲ್ಲ. ಮತ್ತೆ ಉಸಿರಿಗೆ ಬರುತ್ತೇನೆ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಹೋದರೆ ಮೂವತ್ತು ಸಲ ವಾಪಸ್ಸು. ಹೀಗೆ ಕೂತಾಗಲೇ ಗೊತ್ತಾಗಿದ್ದು, ಸಿಟ್ಟು ನನಗೆ ಮೊದಲು ಕಾಣುವುದು ಮಾತಿನಲ್ಲಲ್ಲ, ಕೈಯಲ್ಲಿ. ಮುಷ್ಟಿ ಮೊದಲು, ಮಾತು ಆಮೇಲೆ.

ಹಿಡಿಯಲು ಕಷ್ಟವಾದ ಯೋಚನೆಯೂ ಒಂದಿದೆ. 'ಇವತ್ತು ಚೆನ್ನಾಗಿ ಕೂತಿದ್ದೇನೆ' ಅನ್ನುವುದು. ಅದು ಧ್ಯಾನದ ವೇಷ ಹಾಕಿಕೊಂಡೇ ಬರುತ್ತದೆ. ನಿಜ ಹೇಳಬೇಕೆಂದರೆ, ಈ ಭಾಷಣದ ಅರ್ಧ ತಯಾರಾಗಿದ್ದು ಚಾಪೆ ಮೇಲೆಯೇ, ಉಸಿರು ನೋಡಬೇಕಾದ ಹೊತ್ತಲ್ಲಿ.

ಒಂದು ಮಾತು ಮಾತ್ರ ಗಂಭೀರವಾಗಿ ಹೇಳಬೇಕು. ಕಣ್ಣು ಮುಚ್ಚಿದರೆ ಭಯ, ಸಂಕಟ ಜಾಸ್ತಿ ಆಗುವವರು ಹಟ ಮಾಡಿ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ, ಇಲ್ಲವೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ.

ಹೋದ ದೀಪಾವಳಿ ಮುಗಿದ ಮೇಲೆ ತಮ್ಮನ ಫೋನ್ ಬಂತು. ಹೆಸರು ನೋಡಿದ್ದೇ ಮುಷ್ಟಿ ಬಿಗಿಯಿತು. ಬಿಗಿದದ್ದು ಗೊತ್ತೂ ಆಯಿತು. ಒಂದು ಉಸಿರು ಬಿಟ್ಟು, "ತೊಗರಿ ಹ್ಯಾಂಗದಪಾ?" ಅಂದೆ.

"ನೆಟೆ ರೋಗ ಬಿದ್ದದ ಅಣ್ಣಾ" ಅಂದ.

ಅರ್ಧ ಗಂಟೆ ಬರೀ ನೆಟೆ ರೋಗದ ಮಾತೇ ಆಡಿದೆವು.

ನಮಸ್ಕಾರ.