ಹತ್ತನೇ ಒಂದು ಮಿಲಿಮೀಟರಿನ ಅಡಿಯಲ್ಲಿ ಇಡೀ ರಾತ್ರಿಯ ಆಟ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಬದಿಯಡ್ಕದ ಹತ್ತಿರವಿರುವ ನನ್ನ ಸೋದರಮಾವನ ಮನೆಯ ಚಾವಡಿ. ಮೇಜಿನ ತುಂಬ ಹರಡಿರುವುದು ಯಕ್ಷಗಾನದ ಡಿಸ್ಕ್‌ಗಳು. ಹರಕೆಯ ಬಯಲಾಟ, ಜಾತ್ರೆಯ ಆಟ, ಮನೆಯಂಗಳದ ತಾಳಮದ್ದಳೆ, ಎಲ್ಲವೂ ಇವೆ. ಹಳೆಯವು ವಿಡಿಯೋ ಸಿ.ಡಿ., ನಂತರದವು ಡಿ.ವಿ.ಡಿ., ಕಡೆಯವು ಬ್ಲೂ-ರೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವೇನಲ್ಲ. ಈ ಸೀಮೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂಥದ್ದೊಂದು ರಾಶಿ ಇದ್ದೇ ಇರುತ್ತದೆ. ಈಗ ವೇಷ ಕಳಚಿದ ಕಲಾವಿದರ, ತೀರಿಹೋದ ಭಾಗವತರ ಒಂದಿಡೀ ರಾತ್ರಿ ಅದರಲ್ಲಿ ಉಳಿದಿರುತ್ತದೆ. ಆದ್ದರಿಂದಲೇ ಆ ರಾತ್ರಿ ಡಿಸ್ಕಿನಲ್ಲಿ ಎಲ್ಲಿ, ಹೇಗೆ ಕುಳಿತಿದೆ ಎಂಬುದನ್ನು ಇವತ್ತು ತೋರಿಸಬೇಕೆಂದಿದ್ದೇನೆ.

ಮಾವ ಒಂದು ಬ್ಲೂ-ರೇ ಡಿಸ್ಕನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದರಲ್ಲಿ ಏನೂ ಕಾಣುವುದಿಲ್ಲವಲ್ಲ ಮಾರಾಯ, ಸಿ.ಡಿ.ಯಲ್ಲಾದರೂ ಕಾಮನಬಿಲ್ಲು ಕಾಣುತ್ತಿತ್ತು" ಎಂದರು. ಅವರ ಕಣ್ಣಿಗೆ ಬಿದ್ದದ್ದು ತುಂಬ ದೊಡ್ಡ ವಿಷಯ. ಕ್ಯಾಮೆರಾವನ್ನು ಹತ್ತಿರ ತರುತ್ತೇನೆ, ನೀವೇ ನೋಡಿ. ಬಾಗಿಲಿನ ಬೆಳಕಿಗೆ ಸಿ.ಡಿ. ಹಿಡಿದರೆ ಕೆಂಪಿನಿಂದ ನೇರಳೆಯವರೆಗೆ ಎಲ್ಲ ಬಣ್ಣಗಳೂ ಹರಡುತ್ತವೆ. ಬ್ಲೂ-ರೇಯನ್ನು ನೇರವಾಗಿ ಹಿಡಿದರೆ ಬಣ್ಣವೇ ಇಲ್ಲ. ಚೆನ್ನಾಗಿ ಓರೆ ಮಾಡಿ, ಬೆಳಕು ಬರುವ ದಿಕ್ಕಿನಿಂದಲೇ ನೋಡಿದಾಗ ಮಾತ್ರ ನೇರಳೆ, ನೀಲಿ ಮಿನುಗುತ್ತವೆ.

ಕಾರಣ ಇದು. ಡಿಸ್ಕಿನಲ್ಲಿ ದತ್ತಾಂಶವೆಲ್ಲ ಒಳಸುತ್ತಿನಿಂದ ಹೊರಸುತ್ತಿಗೆ ಹೋಗುವ ಒಂದೇ ಒಂದು ಸುರುಳಿ ಜಾಡಿನಲ್ಲಿ ಇರುತ್ತದೆ. ಸಿ.ಡಿ.ಯಲ್ಲಿ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಇರುವ ಅಂತರ 1.6 ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಡಿ.ವಿ.ಡಿ.ಯಲ್ಲಿ 0.74. ಬ್ಲೂ-ರೇಯಲ್ಲಿ 0.32. ಸಾಲುಗಳ ಅಂತರ ಬೆಳಕಿನ ಅಲೆಯುದ್ದಕ್ಕಿಂತ ಹೆಚ್ಚಿದ್ದರೆ ಬಣ್ಣಗಳು ಬೇರೆ ಬೇರೆ ದಿಕ್ಕಿಗೆ ಸಿಡಿಯುತ್ತವೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 0.4ರಿಂದ 0.7 ಮೈಕ್ರೋಮೀಟರ್. ಬ್ಲೂ-ರೇಯ ಸಾಲುಗಳು ಅದಕ್ಕಿಂತಲೂ ಒತ್ತಾಗಿರುವುದರಿಂದ ನೇರ ಬೆಳಕಿಗೆ ಕಾಮನಬಿಲ್ಲು ಮೂಡುವುದೇ ಇಲ್ಲ. ಪ್ರಯೋಗಾಲಯ ಬೇಡ, ಒಂದು ಕಿಟಕಿ ಸಾಕು, ಎರಡು ಡಿಸ್ಕ್‌ಗಳ ಸಾಂದ್ರತೆಯ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬ್ಲೂ-ರೇಯ ಒಂದು ಪದರದ ಜಾಡನ್ನು ಬಿಡಿಸಿ ನೇರವಾಗಿ ಹಾಸಿದರೆ ಸುಮಾರು 27 ಕಿಲೋಮೀಟರ್ ಆಗುತ್ತದೆ. ಕಾಸರಗೋಡು ಪೇಟೆಯಿಂದ ಹೊರಟು ಉಪ್ಪಳ ದಾಟಿ ಮಂಜೇಶ್ವರದ ಹತ್ತಿರಕ್ಕೆ ಬರುವಷ್ಟು ದೂರ.

ಆ ಜಾಡಿನ ಉದ್ದಕ್ಕೂ ಗುಳಿಗಳಿವೆ. ಗುಳಿ ಎಂದರೆ 1, ಸಮತಟ್ಟು ಎಂದರೆ 0 ಎಂಬ ವಿವರಣೆಯನ್ನು ನೀವು ಎಲ್ಲಾದರೂ ಕೇಳಿರಬಹುದು. ಅದು ಸರಿಯಲ್ಲ. ಗುಳಿ ಶುರುವಾಗುವ ಅಂಚು, ಗುಳಿ ಮುಗಿಯುವ ಅಂಚು, ಇವೇ 1. ಅಂಚುಗಳ ನಡುವಿನ ಹರವು, ಅದು ಗುಳಿಯ ತಳವಿರಲಿ ಸಮತಟ್ಟಿರಲಿ, ಉದ್ದಕ್ಕೆ ತಕ್ಕಷ್ಟು 0ಗಳು. ಲೇಸರ್ ಸಮತಟ್ಟಿನ ಮೇಲೆ ಬಿದ್ದಾಗ ಚೆನ್ನಾಗಿ ಮರಳುತ್ತದೆ. ಗುಳಿಯ ಮೇಲೆ ಬಿದ್ದಾಗ ತಳದಿಂದ ಬಂದ ಬೆಳಕೂ ಸುತ್ತಲಿನಿಂದ ಬಂದ ಬೆಳಕೂ ಒಂದನ್ನೊಂದು ಅಳಿಸುವುದರಿಂದ ಮಂಕಾಗುತ್ತದೆ. ಬೆಳಕು ಬದಲಾದ ಕ್ಷಣವನ್ನೇ ಯಂತ್ರ ಗುರುತಿಸಿಕೊಳ್ಳುತ್ತದೆ. ಅಂಚುಗಳು ತೀರಾ ಹತ್ತಿರ ಬಂದರೆ ಬೇರ್ಪಡಿಸಿ ಓದಲಾಗದು, ತೀರಾ ದೂರವಾದರೆ ಯಂತ್ರಕ್ಕೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಬರೆಯುವ ಮೊದಲೇ ದತ್ತಾಂಶವನ್ನು ಬೇರೊಂದು ಸಂಕೇತಕ್ಕೆ ಬದಲಾಯಿಸುತ್ತಾರೆ. ಬ್ಲೂ-ರೇಯ ಸಂಕೇತದಲ್ಲಿ ಎರಡು ಬಿಟ್‌ಗಳು ಮೂರಾಗುತ್ತವೆ, ಎರಡು 1ಗಳ ನಡುವೆ ಕನಿಷ್ಠ ಒಂದು 0 ಇರಲೇಬೇಕು. ಅತಿ ಚಿಕ್ಕ ಗುಳಿಯ ಉದ್ದ 0.149 ಮೈಕ್ರೋಮೀಟರ್.

ಇಷ್ಟು ಸಣ್ಣದನ್ನು ಓದಲು ಬೆಳಕಿನ ಚುಕ್ಕೆಯೂ ಸಣ್ಣದಾಗಬೇಕು. ಅದಕ್ಕೆ ದಾರಿ ಎರಡೇ. ಒಂದು, ಅಲೆಯುದ್ದವನ್ನು ಕಡಿಮೆ ಮಾಡುವುದು. ಸಿ.ಡಿ.ಯದು 780 ನ್ಯಾನೋಮೀಟರಿನ, ಅಂದರೆ 0.78 ಮೈಕ್ರೋಮೀಟರಿನ ಅವಕೆಂಪು, ಡಿ.ವಿ.ಡಿ.ಯದು 650ರ ಕೆಂಪು, ಬ್ಲೂ-ರೇಯದು 405. ಹೆಸರಿನಲ್ಲಿ ನೀಲಿ ಇದ್ದರೂ ಅದು ನೇರಳೆ. ಗ್ಯಾಲಿಯಂ ನೈಟ್ರೈಡ್‌ನಿಂದ ಆ ಲೇಸರ್ ತಯಾರಾದದ್ದು 1990ರ ದಶಕದಲ್ಲಿ, ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರಾ ಅವರ ದುಡಿಮೆಯಿಂದ. ನೀಲಿ ಎಲ್.ಇ.ಡಿ.ಗಾಗಿ 2014ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಇನ್ನೊಂದು ದಾರಿ, ಮಸೂರ ಬೆಳಕನ್ನು ಹೆಚ್ಚು ಅಗಲವಾದ ಕೋನದಿಂದ ಒಂದೆಡೆ ಸೇರಿಸುವಂತೆ ಮಾಡುವುದು. ಇದರ ಅಳತೆಗೆ ನ್ಯೂಮೆರಿಕಲ್ ಅಪರ್ಚರ್ ಎನ್ನುತ್ತಾರೆ. ಡಿ.ವಿ.ಡಿ.ಯಲ್ಲಿ ಅದು 0.60, ಬ್ಲೂ-ರೇಯಲ್ಲಿ 0.85. ಎರಡೂ ಸೇರಿ ಚುಕ್ಕೆಯ ವಿಸ್ತೀರ್ಣ ಸುಮಾರು ಐದನೇ ಒಂದಕ್ಕೆ ಇಳಿಯಿತು. 4.7 ಗಿಗಾಬೈಟ್ ಹಿಡಿಸುತ್ತಿದ್ದಲ್ಲಿ 25 ಹಿಡಿಸಿದ್ದರ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಆದರೆ ಇದಕ್ಕೆ ಬೆಲೆ ತೆರಬೇಕಾಯಿತು. ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಕೋನ ಅಗಲವಾದಷ್ಟೂ ಡಿಸ್ಕ್ ಕೊಂಚ ವಾಲಿದರೂ ಚುಕ್ಕೆ ಕೆಡುತ್ತದೆ. ಬೆಳಕು ಹಾಯುವ ಪ್ಲಾಸ್ಟಿಕ್ ದಪ್ಪವಾಗಿದ್ದಷ್ಟೂ ಆ ಕೇಡು ಹೆಚ್ಚು. ಹಾಗಾಗಿ ದತ್ತಾಂಶದ ಪದರವನ್ನೇ ಮೇಲಕ್ಕೆ ತಂದರು. ಸಿ.ಡಿ.ಯಲ್ಲಿ ಬೆಳಕು 1.2 ಮಿಲಿಮೀಟರ್ ಪ್ಲಾಸ್ಟಿಕ್ ದಾಟಿ ಗುಳಿಗಳನ್ನು ತಲುಪುತ್ತದೆ, ಡಿ.ವಿ.ಡಿ.ಯಲ್ಲಿ 0.6, ಬ್ಲೂ-ರೇಯಲ್ಲಿ ಬರೀ 0.1. ಪ್ರತಿಸ್ಪರ್ಧಿಯಾಗಿದ್ದ ಎಚ್.ಡಿ. ಡಿ.ವಿ.ಡಿ. ಅದೇ 405ರ ಲೇಸರ್ ಬಳಸಿಯೂ 0.6 ಮಿಲಿಮೀಟರನ್ನು ಬಿಡಲಿಲ್ಲ. ಹಳೆಯ ಡಿ.ವಿ.ಡಿ. ಕಾರ್ಖಾನೆಗಳನ್ನೇ ಸ್ವಲ್ಪ ಮಾರ್ಪಡಿಸಿ ಬಳಸಬಹುದಿತ್ತು, ಆದರೆ ಒಂದು ಪದರದಲ್ಲಿ 15 ಗಿಗಾಬೈಟ್ ಮಾತ್ರ ಹಿಡಿಸಿತು. 2008ರ ಫೆಬ್ರವರಿಯಲ್ಲಿ ತೊಷಿಬಾ ಅದನ್ನು ಕೈಬಿಟ್ಟಿತು.

ದತ್ತಾಂಶ ಮೇಲೆ ಬಂದರೆ ಗೀರಿಗೂ ಧೂಳಿಗೂ ಹತ್ತಿರವಾಯಿತು ಎಂದೇ ಅರ್ಥ. ಸಿ.ಡಿ.ಯ ಮೇಲ್ಮೈಯಲ್ಲಿ ಲೇಸರ್ ಕಿರಣ ಸುಮಾರು 0.7 ಮಿಲಿಮೀಟರ್ ಅಗಲ ಇರುತ್ತದೆ, ಅಲ್ಲೊಂದು ಧೂಳಿನ ಕಣ ಕೂತರೂ ಸುತ್ತಲಿನಿಂದ ಬೆಳಕು ಹೋಗುತ್ತದೆ. ಬ್ಲೂ-ರೇಯ ಮೇಲ್ಮೈಯಲ್ಲಿ ಕಿರಣ 0.13 ಮಿಲಿಮೀಟರಿನ ಆಸುಪಾಸು. ಅದೇ ಕಣ ಬೆಳಕನ್ನು ಬಹುಪಾಲು ಮುಚ್ಚಿಬಿಡುತ್ತದೆ. ಮೊದಲ ಬ್ಲೂ-ರೇಗಳು ಪೆಟ್ಟಿಗೆಯಂಥ ಕವಚದೊಳಗೆ ಬಂದದ್ದು ಈ ಭಯದಿಂದ. ಗಟ್ಟಿ ಲೇಪನ ಬಂದ ಮೇಲೆ ಕವಚ ಹೋಯಿತು. ಜೊತೆಗೆ ತಪ್ಪು ತಿದ್ದುವ ವ್ಯವಸ್ಥೆಯನ್ನೂ ಬಲಪಡಿಸಿದರು. 64 ಕಿಲೋಬೈಟ್‌ಗಳ ಕಟ್ಟಿನಲ್ಲಿ ಪ್ರತಿ 216 ಬೈಟ್‌ಗೆ 32 ಬೈಟ್ ಕಾವಲು ಸೇರಿಸಿ, ಅಕ್ಕಪಕ್ಕದ ಬೈಟ್‌ಗಳನ್ನು ದೂರ ದೂರ ಚದುರಿಸುತ್ತಾರೆ. ಒಂದು ಗೀರು ಒಂದೇ ಕಡೆ ನೂರಾರು ಬೈಟ್‌ಗಳನ್ನು ನುಂಗಿದರೂ ಪ್ರತಿ ಗುಂಪಿನಿಂದ ಹೋಗುವುದು ಕೆಲವು ಮಾತ್ರ. ಎಲ್ಲಿ ಹೋಗಿವೆ ಎಂದು ಗೊತ್ತಿಲ್ಲದಿದ್ದರೂ ಗುಂಪಿನಲ್ಲಿ 16 ಬೈಟ್‌ಗಳವರೆಗೆ ಸರಿಪಡಿಸಬಹುದು, ಜಾಗ ಗೊತ್ತಿದ್ದರೆ 32. ಜಾಗ ತೋರಿಸಲೆಂದೇ ನಡುನಡುವೆ ಬೇರೆ ಕಾವಲು ಸಾಲುಗಳನ್ನು ನೆಟ್ಟಿರುತ್ತಾರೆ. ಈ ಗಣಿತ 1960ರಲ್ಲಿ ರೀಡ್ ಮತ್ತು ಸೊಲೊಮನ್ ಎಂಬ ಇಬ್ಬರು ಗಣಿತಜ್ಞರು ಕೊಟ್ಟದ್ದು.

ಈಗ ಮೇಜಿನ ಮೇಲಿರುವ ರಾಶಿಗೆ ಬರೋಣ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿನಿಮಾ ಡಿಸ್ಕಿನಲ್ಲಿ ನಿಜವಾದ ಗುಳಿಗಳಿರುತ್ತವೆ. ನಮ್ಮೂರ ವಿಡಿಯೋದವರು ಬರೆದುಕೊಟ್ಟ ಡಿಸ್ಕಿನಲ್ಲಿ ಗುಳಿಯಿಲ್ಲ, ಲೇಸರಿನ ಕಾವಿಗೆ ಬದಲಾದ ಗುರುತುಗಳಿವೆ. ಸಿ.ಡಿ.-ಆರ್., ಡಿ.ವಿ.ಡಿ.-ಆರ್.ಗಳಲ್ಲಿ ಗುರುತು ಬೀಳುವುದು ಸಾವಯವ ಬಣ್ಣದ ಮೇಲೆ. ಬ್ಲೂ-ರೇಯಲ್ಲಿ ಬಹುಪಾಲು ಲೋಹ, ಸಿಲಿಕಾನ್‌ಗಳಂಥ ನಿರವಯವ ಪದರದ ಮೇಲೆ. ಕವರಿನಲ್ಲಿ ಎಲ್.ಟಿ.ಎಚ್. ಎಂದು ಬರೆದಿದ್ದರೆ ಅದು ಮತ್ತೆ ಸಾವಯವ ಬಣ್ಣದ್ದೇ. ಬಣ್ಣವೆಂದ ಮೇಲೆ ಬಿಸಿಲಿಗೆ ಮಾಸುತ್ತದೆ. ನಮ್ಮ ಮಳೆಗಾಲದ ಆಟಿ ತಿಂಗಳ ತೇವದಲ್ಲಿ ಗೋಡೆಗೇ ಬೂಸ್ಟು ಹಿಡಿಯುವಾಗ ಡಿಸ್ಕನ್ನು ಕೇಳುವವರು ಯಾರು? ಸಿ.ಡಿ.ಯ ಮರ್ಮಸ್ಥಾನ ಹೆಸರಿನ ಚೀಟಿಯಿರುವ (ಲೇಬಲ್) ಬದಿ, ಅಲ್ಲಿ ಲೋಹದ ಪದರವನ್ನು ಕಾಯುವುದು ಬರೀ ತೆಳು ಅರಗಿನಂಥ ಲೇಪ. ಮೊನಚು ಪೆನ್ನಿನಿಂದ ಅದರ ಮೇಲೆ ಬರೆಯಲೇಬಾರದು. ಬ್ಲೂ-ರೇಯದ್ದು ಓದುವ ಬದಿ. ಒರೆಸುವುದಾದರೆ ಮೆತ್ತನೆಯ ಬಟ್ಟೆಯಲ್ಲಿ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಿ ಒರೆಸಿದರೆ ಬೀಳುವ ಗೀರು ಜಾಡಿನುದ್ದಕ್ಕೇ ಬಿದ್ದು ಕಾವಲು ಬೈಟ್‌ಗಳನ್ನೂ ಸೋಲಿಸುತ್ತದೆ.

ಎಂಟು ಗಂಟೆಯ ಆಟ ವಿಡಿಯೋ ಸಿ.ಡಿ.ಯಲ್ಲಾದರೆ ಆರೇಳು ತುಂಡು. ಡಿ.ವಿ.ಡಿ.ಯಲ್ಲಿ ಸುಮಾರು ನಾಲ್ಕು. ಸೆಕೆಂಡಿಗೆ 12 ಮೆಗಾಬಿಟ್‌ನ ಎಚ್.ಡಿ. ಚಿತ್ರವಾದರೆ ಇಡೀ ರಾತ್ರಿಗೆ 43 ಗಿಗಾಬೈಟ್ ಬೇಕು, ಎರಡು ಪದರದ ಒಂದೇ ಬ್ಲೂ-ರೇಯಲ್ಲಿ ಹಿಡಿಸುತ್ತದೆ. ಚೌಕಿಪೂಜೆಯಿಂದ ಮಂಗಳದವರೆಗೆ ನಡುವೆ ಡಿಸ್ಕ್ ಬದಲಿಸಲು ಏಳಬೇಕಾಗಿಲ್ಲ. ಇದು ನನಗೆ ಈಗಲೂ ಬೆರಗು.

ಆದರೆ ಖಾಲಿ ಬ್ಲೂ-ರೇಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಈಗ ಇರುವುದೇ ಅಪರೂಪ. ಹಾಗಾಗಿ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿಕೊಳ್ಳುವ ಕೆಲಸ ಇವತ್ತೇ ಶುರು. ಮೊದಲು ಬಣ್ಣದ ಪದರದ ಸಿ.ಡಿ., ಡಿ.ವಿ.ಡಿ.ಗಳು, ನಂತರ ಎಲ್.ಟಿ.ಎಚ್., ನಿರವಯವ ಬ್ಲೂ-ರೇಗಳು ಕಡೆಗೆ. ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಒಂದೊಂದು ಪ್ರತಿ ಇರಲಿ. ಕಡತಕ್ಕೆ ಹೆಸರಿಡುವಾಗ ಪ್ರಸಂಗ, ಮೇಳ, ಊರು, ಇಸವಿ, ಭಾಗವತರ ಹೆಸರು ಎಲ್ಲವನ್ನೂ ಸೇರಿಸಿ. ಕವರಿನ ಮೇಲಿನ ಶಾಯಿ ಹಲವು ಕಡೆ ಅಳಿಸಿದೆ. ಮಾವ ಪಕ್ಕದಲ್ಲೇ ಕುಳಿತಿದ್ದಾರೆ, ಅವರು ಹೇಳಿದಂತೆ ಒಂದೊಂದಾಗಿ ಬರೆದುಕೊಳ್ಳುತ್ತಿದ್ದೇನೆ.