ಮನೆಗೆ ಇಂಟರ್ನೆಟ್ ಇಲ್ಲದೆ ಸ್ಮಾರ್ಟ್ ಸಾಧನಗಳನ್ನು ಜೋಡಿಸುವುದು

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರೋಣ.

ವೈಫೈ ಬೇರೆ, ಇಂಟರ್ನೆಟ್ ಬೇರೆ. ರೂಟರ್‌ಗೆ ಹೊರಗಿನ ಯಾವ ತಂತಿಯನ್ನೂ ಸಿಕ್ಕಿಸದೆ ಬರೀ ಕರೆಂಟು ಕೊಟ್ಟರೂ ಅದು ವೈಫೈ ಹರಡುತ್ತದೆ, ಸೇರಿಕೊಂಡ ಸಾಧನಗಳಿಗೆ ಐಪಿ ವಿಳಾಸ ಹಂಚುತ್ತದೆ, ಅವು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಬಿಡುತ್ತದೆ. ಫೋನು ‘ಇಂಟರ್ನೆಟ್ ಇಲ್ಲ’ ಎಂದು ಗೊಣಗುತ್ತದೆ, ಅಷ್ಟೆ. ಹಾಗಿದ್ದರೂ ಎಷ್ಟೋ ಸಾಧನಗಳು ನೆಟ್ ಇಲ್ಲದಿದ್ದರೆ ಸುಮ್ಮನೆ ಕೂತುಬಿಡುತ್ತವೆ. ಆ್ಯಪ್‌ನಲ್ಲಿ ಗುಂಡಿ ಒತ್ತಿದಾಗ ಆದೇಶವು ಎದುರಿಗಿರುವ ಬಲ್ಬಿಗೆ ನೇರವಾಗಿ ಹೋಗದೆ ಕಂಪನಿಯ ಸರ್ವರ್‌ಗೆ ಹೋಗಿ ತಿರುಗಿ ಬರುತ್ತದೆ, ಕಾರಣ ಅದೇ. ಈ ಸುತ್ತುದಾರಿ ತಾಂತ್ರಿಕವಾಗಿ ಬೇಕಾದದ್ದೇನಲ್ಲ, ತಯಾರಕರು ಆರಿಸಿಕೊಂಡದ್ದು. ನಮಗೆ ಬೇಕಾಗಿರುವುದು ಇಷ್ಟು: ದಿನನಿತ್ಯದ ಕೆಲಸ ಮನೆಯೊಳಗೇ ಮುಗಿಯಬೇಕು. ನೆಟ್ ಬೇಕಾಗುವುದು ಜೋಡಣೆಯ ದಿನ, ಆಮೇಲೆ ಅಪರೂಪಕ್ಕೊಮ್ಮೆ ಅಪ್‌ಡೇಟ್‌ಗೆ. ಅದನ್ನು ಫೋನಿನಿಂದ ಎರವಲು ಪಡೆದರೆ ಸಾಕು.

ಕೊಳ್ಳುವಾಗಲೇ ಅರ್ಧ ಕೆಲಸ ತೀರ್ಮಾನವಾಗಿರುತ್ತದೆ. ಎಲ್ಲಕ್ಕಿಂತ ಸರಳವಾದದ್ದು ಜಿಗ್‌ಬೀ (ವೈಫೈ ಇಲ್ಲದೆ ಸಾಧನಗಳು ತಮ್ಮತಮ್ಮಲ್ಲೇ ಮಾತಾಡುವ ರೇಡಿಯೊ ಜಾಲ) ರಿಮೋಟ್ ಮತ್ತು ಬಲ್ಬುಗಳ ಜೋಡಿ. ಐಕಿಯಾದ ಜಿಗ್‌ಬೀ ರಿಮೋಟ್‌ಗಳಲ್ಲಿ ಮುಚ್ಚಳದ ಒಳಗೆ ಒಂದು ಪುಟ್ಟ ಗುಂಡಿ ಇರುತ್ತದೆ. ಬಲ್ಬನ್ನು ಉರಿಸಿ, ರಿಮೋಟನ್ನು ಅದರಿಂದ 5 ಸೆಂಟಿಮೀಟರ್ ಒಳಗೆ ಹಿಡಿದು, ಗುಂಡಿಯನ್ನು 10 ಸೆಕೆಂಡು ಒತ್ತಿ ಹಿಡಿದರೆ ಬಲ್ಬು ಮಿನುಗಿ ಸೇರಿಕೊಳ್ಳುತ್ತದೆ. ಹಬ್ (ಸಾಧನಗಳನ್ನೆಲ್ಲ ನಡೆಸುವ ಕೇಂದ್ರ ಪೆಟ್ಟಿಗೆ) ಬೇಡ, ಫೋನು ಬೇಡ, ಖಾತೆಯೂ ಬೇಡ. ಎರಡು ಕೋಣೆಯ ದೀಪವಷ್ಟೇ ಸಾಕು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ವೈಫೈ ಸಾಧನವೇ ಬೇಕೆಂದರೆ, ತನ್ನೊಳಗೇ ವೆಬ್‌ಪುಟ ಇಟ್ಟುಕೊಂಡಿರುವಂಥದ್ದನ್ನು ನೋಡಿ. ಶೆಲ್ಲಿ ಕಂಪನಿಯ ರಿಲೇಗಳು (ಸ್ವಿಚ್ಚಿನ ಹಿಂದೆ ಕೂರಿಸುವ ಪುಟ್ಟ ನಿಯಂತ್ರಕಗಳು), ಟಾಸ್ಮೊಟಾ ಅಥವಾ ಇಎಸ್‌ಪಿಹೋಮ್ ತಂತ್ರಾಂಶ ಹಾಕಿದ ಪ್ಲಗ್‌ಗಳು ಈ ಜಾತಿಯವು. ಹೊಸ ಶೆಲ್ಲಿಗೆ ಕರೆಂಟು ಕೊಟ್ಟರೆ ಅದೇ ಒಂದು ವೈಫೈ ಹೊರಡಿಸುತ್ತದೆ. ಅದಕ್ಕೆ ಸೇರಿ ಬ್ರೌಸರ್‌ನಲ್ಲಿ 192.168.33.1 ತೆರೆದು, ನಿಮ್ಮ ರೂಟರ್‌ನ ಹೆಸರು, ಪಾಸ್‌ವರ್ಡ್ ತುಂಬಿ. ಟಾಸ್ಮೊಟಾದಲ್ಲಿ ಆ ವಿಳಾಸ 192.168.4.1. ಪುಟ ತೆರೆಯಲಿಲ್ಲವೇ? ಬಹುಮಟ್ಟಿಗೆ ತಪ್ಪು ಫೋನಿನದು: ಈ ವೈಫೈಯಲ್ಲಿ ನೆಟ್ ಇಲ್ಲವೆಂದು ಅದು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹೊರಳಿರುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ, ಮತ್ತೆ ತೆರೆಯಿರಿ.

ಫಿಲಿಪ್ಸ್ ಹ್ಯೂ ದೀಪಗಳ ಹಬ್ ಆದ ಹ್ಯೂ ಬ್ರಿಡ್ಜ್ ಈಥರ್ನೆಟ್ ಕೇಬಲ್‌ನಲ್ಲಿ ರೂಟರ್‌ಗೆ ಕೂತರೆ, ಅದೇ ವೈಫೈಯಲ್ಲಿರುವ ಫೋನಿನಿಂದ ನೆಟ್ ಇಲ್ಲದೆಯೂ ದೀಪ ನಡೆಸಬಹುದು. ಬೇರೆಬೇರೆ ಕಂಪನಿಗಳ ಸಾಧನಗಳು ಒಟ್ಟಿಗೆ ನಡೆಯಲೆಂದು 2022ರಲ್ಲಿ ಬಂದ ಮ್ಯಾಟರ್ ಮಾನದಂಡದಲ್ಲಿ ನಿಯಂತ್ರಣ ಮನೆಯೊಳಗೇ ನಡೆಯುತ್ತದೆ. ಆದರೆ ಸಾಧನವನ್ನು ಮೊದಲು ಸೇರಿಸುವಾಗ ಅದರ ಪ್ರಮಾಣಪತ್ರ ಪರಿಶೀಲಿಸಲು ನೆಟ್ ಬೇಕಾಗಬಹುದು. ಅಲೆಕ್ಸಾ, ಗೂಗಲ್ ಮಾದರಿಯ ಮಾತಾಡುವ ಸ್ಪೀಕರ್‌ಗಳನ್ನು ಈ ಯೋಜನೆಯಿಂದ ಹೊರಗಿಡಿ. ನಿಮ್ಮ ಮಾತನ್ನು ಅರ್ಥಮಾಡಿಕೊಳ್ಳುವ ಕೆಲಸ ಸರ್ವರ್‌ನಲ್ಲಿ ನಡೆಯುತ್ತದೆ. ಖಾತೆ ತೆರೆಯದೆ ಒಂದು ಹೆಜ್ಜೆಯೂ ಮುಂದೆ ಹೋಗದ ಅಗ್ಗದ ವೈಫೈ ಪ್ಲಗ್‌ಗಳೂ ಹಾಗೆಯೇ.

ಇನ್ನು ನೆಟ್ ಎರವಲು ತರುವ ಬಗೆ. ಹೆಚ್ಚಿನವರು ಮಾಡುವುದು ಫೋನಿನ ಹಾಟ್‌ಸ್ಪಾಟ್ ಹಚ್ಚಿ ಸಾಧನಗಳನ್ನು ಅದಕ್ಕೇ ಸೇರಿಸುವುದು. ತೊಂದರೆ ಅಲ್ಲಿಂದಲೇ ಶುರು. ಆ್ಯಪ್ ಕೂಡ ಅದೇ ಫೋನಿನಲ್ಲಿದ್ದರೆ ‘ಮೊದಲು ವೈಫೈಗೆ ಸೇರಿ’ ಎನ್ನುತ್ತದೆ, ಏಕೆಂದರೆ ಹಾಟ್‌ಸ್ಪಾಟ್ ಕೊಡುತ್ತಿರುವ ಫೋನು ತಾನು ಯಾವ ವೈಫೈಗೂ ಸೇರಿರುವುದಿಲ್ಲ. ಎರಡನೇ ಫೋನು ಬೇಕೇ ಬೇಕು. ಬಹುತೇಕ ಸಾಧನಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಹಾಟ್‌ಸ್ಪಾಟ್ 5ರಲ್ಲಿದ್ದರೆ ಅವುಗಳ ಕಣ್ಣಿಗೆ ಅದು ಬೀಳುವುದೇ ಇಲ್ಲ. ಐಫೋನ್‌ನಲ್ಲಿ ಇದಕ್ಕೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಬೇಕು. ಭದ್ರತೆ ಡಬ್ಲ್ಯೂಪಿಎ2 ಇರಲಿ, ಡಬ್ಲ್ಯೂಪಿಎ3ರಲ್ಲಿ ಹಳೆಯ ಚಿಪ್‌ಗಳು ಮುಗ್ಗರಿಸುತ್ತವೆ. ಹಾಟ್‌ಸ್ಪಾಟ್ ಹೆಸರಿನಲ್ಲಿ ಸರಳ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಸಾಕು, ಎಮೋಜಿ, ಉದ್ಧರಣ ಚಿಹ್ನೆ ಬೇಡ. ಇಷ್ಟೆಲ್ಲ ಸರಿಯಾದರೂ ಫೋನಿನ ಯಜಮಾನರು ಹೊರಗೆ ಹೊರಟ ಕ್ಷಣ ಮನೆಯ ಜಾಲವೂ ಅವರ ಜೇಬಿನಲ್ಲಿ ಹೊರಟುಹೋಗುತ್ತದೆ.

ಸಾಧನಗಳು ರೂಟರ್‌ಗೇ ಸೇರಲಿ, ನೆಟ್ ಕೊಡಬೇಕಾದ್ದು ರೂಟರ್‌ಗೆ. ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ ಅನ್ನು ಕೇಬಲ್ ಮೂಲಕ ಹಂಚುವುದು) ಬೆಂಬಲಿಸುವ ರೂಟರ್ ಆದರೆ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ. ಇಲ್ಲದಿದ್ದರೆ ‘ವಿಸ್ಪ್’ ಎಂಬ ಮೋಡ್ ಇದೆಯೇ ನೋಡಿ, ಅದರಲ್ಲಿ ರೂಟರ್ ತನ್ನ ಜಾಲವನ್ನು ಹಾಗೇ ಇಟ್ಟುಕೊಂಡು ಫೋನಿನ ಹಾಟ್‌ಸ್ಪಾಟಿಗೆ ಗ್ರಾಹಕನಾಗಿ ಸೇರುತ್ತದೆ. ಪ್ರಯಾಣಕ್ಕೆಂದು ಮಾರುವ ಪುಟ್ಟ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. ಒಂದು ಎಚ್ಚರಿಕೆ: ರೂಟರ್‌ನ ವಿಳಾಸಗಳ ಸಾಲು ಫೋನು ಕೊಡುವ ಸಾಲೂ ಒಂದೇ ಆಗಿಬಿಟ್ಟರೆ ದತ್ತಾಂಶ ಎತ್ತ ಹೋಗಬೇಕೆಂದು ರೂಟರ್‌ಗೆ ತಿಳಿಯುವುದಿಲ್ಲ. ಐಫೋನ್ 172.20.10 ಸಾಲನ್ನು ಬಳಸುತ್ತದೆ, ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ 192.168ರಲ್ಲಿ ಯಾವುದಾದರೂ ಒಂದನ್ನು. ಎರಡರಿಂದಲೂ ದೂರವಿರಲು 10.77.0 ಥರದ ಸಾಲನ್ನು ರೂಟರ್‌ಗೆ ಕೊಡಿ. ರೂಟರ್‌ನಲ್ಲಿ ಹಬ್‌ಗೂ ಪ್ರತಿ ವೈಫೈ ಸಾಧನಕ್ಕೂ ಬದಲಾಗದ ವಿಳಾಸ ಕಾಯ್ದಿರಿಸಿ.

ಹಲವು ಸಾಧನಗಳಿಗೆ ಒಂದೇ ಯಜಮಾನ ಬೇಕೆಂದರೆ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ; ಅದನ್ನು ನಡೆಸುವ ಪುಟ್ಟ ಕಂಪ್ಯೂಟರೇ ನಿಮ್ಮ ಹಬ್. ಬೇಕಾಗುವುದು ಇಷ್ಟು: ಕನಿಷ್ಠ 2 ಜಿಬಿ ರ‍್ಯಾಮ್‌ನ ರಾಸ್ಪ್‌ಬೆರಿ ಪೈ 4 ಅಥವಾ 5, 32 ಜಿಬಿ ಮೈಕ್ರೊಎಸ್‌ಡಿ ಕಾರ್ಡು, ಪೈ 4 ಆದರೆ 5 ವೋಲ್ಟ್ 3 ಆಂಪಿಯರ್‌ನ ಅಡಾಪ್ಟರ್, ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಒಂದು ಜಿಗ್‌ಬೀ ಡಾಂಗಲ್. ಹಳೆಯ ಮೊಬೈಲ್ ಚಾರ್ಜರ್ ಬೇಡ, ವೋಲ್ಟೇಜ್ ಇಳಿದಾಗಲೆಲ್ಲ ಪೈ ತಡವರಿಸುತ್ತದೆ. ಕಾರ್ಡಿಗೆ ಬರೆದ ಇಮೇಜ್ (ತಂತ್ರಾಂಶದ ಸಿದ್ಧ ಪ್ರತಿ) ಪೂರ್ತಿಯಲ್ಲ, ಮೊದಲ ಸಲ ಚಾಲೂ ಆದಾಗ ಮುಖ್ಯ ಭಾಗವನ್ನು ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಹಾಗಾಗಿ ಟೆದರಿಂಗ್ ಹಚ್ಚಿದ ದಿನವೇ ಮಸ್ಕಿಟೊ (ಸಂದೇಶ ಸಾಗಿಸುವುದು), ಜಿಗ್‌ಬೀ2ಎಂಕ್ಯೂಟಿಟಿ (ಜಿಗ್‌ಬೀ ಸಾಧನ ನಡೆಸುವುದು), ಮ್ಯಾಟರ್ ಸರ್ವರ್ ಎಂಬ ಸಹಾಯಕ ತಂತ್ರಾಂಶಗಳೆಲ್ಲವನ್ನೂ ಹಾಕಿಬಿಡಿ. ಇಎಸ್‌ಪಿಹೋಮ್ ಬಳಸುವುದಿದ್ದರೆ ಅದರ ಕಂಪೈಲ್ ಕೆಲಸವೂ (ಸಾಧನಕ್ಕೆ ಹಾಕುವ ತಂತ್ರಾಂಶ ಸಿದ್ಧಪಡಿಸುವುದು) ಅಂದೇ ಮುಗಿಯಲಿ, ಅದಕ್ಕೆ ಬೇಕಾದ ಸಲಕರಣೆಗಳೂ ನೆಟ್‌ನಿಂದಲೇ ಬರಬೇಕು. ಆಮೇಲೆ ಬ್ರೌಸರ್‌ನಲ್ಲಿ ಹಬ್‌ನ ಐಪಿ ವಿಳಾಸದ ಕೊನೆಗೆ :8123 ಹಾಕಿದರೆ ಸಾಕು.

ಡಾಂಗಲನ್ನು ಪೈಗೆ ನೇರವಾಗಿ ಚುಚ್ಚಬೇಡಿ. ಯುಎಸ್‌ಬಿ 3 ಕಿಂಡಿಗಳಿಂದ ಹೊರಡುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ. ಮೂರು ಮೀಟರ್ ದೂರದ ಸೆನ್ಸರ್ ಕೂಡ ಸೇರದೆ ಕಾಡುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಯುಎಸ್‌ಬಿ 2 ಕಿಂಡಿ, ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್. ವೈಫೈ ಚಾನೆಲ್ 1ರಲ್ಲಿದ್ದರೆ ಜಿಗ್‌ಬೀಗೆ 20 ಅಥವಾ 25 ಕೊಡಿ, ಅದನ್ನು ಮೊದಲೇ ನಿರ್ಧರಿಸಿ. ಆಮೇಲೆ ಬದಲಿಸಿದರೆ ಹಲವು ಸಾಧನಗಳನ್ನು ಮತ್ತೆ ಸೇರಿಸಬೇಕಾಗುತ್ತದೆ. ಸದಾ ಕರೆಂಟಿನಲ್ಲಿರುವ ಪ್ಲಗ್, ಬಲ್ಬುಗಳನ್ನು ಮೊದಲು ಸೇರಿಸಿ, ಬ್ಯಾಟರಿ ಸೆನ್ಸರ್‌ಗಳನ್ನು ಕೊನೆಗೆ: ಸಂದೇಶವನ್ನು ಮುಂದೆ ದಾಟಿಸುವವು ಕರೆಂಟಿನವು ಮಾತ್ರ.

ಇಷ್ಟರವರೆಗಿನದು ಹೇಗೋ ಎಲ್ಲರಿಗೂ ದಕ್ಕುತ್ತದೆ. ಎಲ್ಲರೂ ಎಡವುವುದು ಗಡಿಯಾರದಲ್ಲಿ. ಪೈ 4ರಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ, ಹೊತ್ತೆಷ್ಟಾಯಿತೆಂದು ಅದು ನೆಟ್ ಅನ್ನೇ ಕೇಳುತ್ತದೆ. ಮೂರು ಗಂಟೆ ಕರೆಂಟು ಹೋಗಿ ಬಂದರೆ ಪೈ ಹಳೆಯ ಹೊತ್ತನ್ನೇ ಹಿಡಿದು ಎದ್ದೇಳುತ್ತದೆ, ಸಂಜೆ ಆರಕ್ಕೆ ಹತ್ತಬೇಕಾದ ದೀಪ ಒಂಬತ್ತಕ್ಕೆ ಹತ್ತುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ. ಪೈ 5ರಲ್ಲಿ ಗಡಿಯಾರ ಬೋರ್ಡಿನಲ್ಲೇ ಇದೆ, ಅದರ ಪುಟ್ಟ ಬ್ಯಾಟರಿಯನ್ನು ಬೇರೆ ಕೊಂಡು ಸಿಕ್ಕಿಸಬೇಕು. ಪೈ 4 ಆದರೆ ಡಿಎಸ್3231 ಎಂಬ ಬ್ಯಾಟರಿ ಗಡಿಯಾರದ ಮಾಡ್ಯೂಲ್. ಸಾಮಾನ್ಯ ಉಷ್ಣತೆಯಲ್ಲಿ ಅದರ ತಪ್ಪು ಹತ್ತು ಲಕ್ಷದಲ್ಲಿ 2 ಪಾಲು, ಅಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ. ದೀಪ ಹಚ್ಚಲು ಇದು ಧಾರಾಳ.

ವೇಳಾಪಟ್ಟಿಯನ್ನೆಲ್ಲ ಹಬ್‌ನಲ್ಲೇ ಇಡಿ, ಪ್ಲಗ್‌ಗಳ ಒಳಗಲ್ಲ. ಆಗ ಅವುಗಳ ಗಡಿಯಾರ ಕೆಟ್ಟಿದ್ದರೂ ನಷ್ಟವಿಲ್ಲ. ಸೂರ್ಯಾಸ್ತದ ಹೊತ್ತನ್ನು ಹೋಮ್ ಅಸಿಸ್ಟೆಂಟ್ ಅಕ್ಷಾಂಶ, ರೇಖಾಂಶದಿಂದ ತಾನೇ ಲೆಕ್ಕ ಹಾಕುತ್ತದೆ, ಅದಕ್ಕೆ ನೆಟ್ ಬೇಡ. ಸ್ವಂತ ಗಡಿಯಾರ ಸರಿಯಿರಲೇಬೇಕಾದದ್ದು ಕ್ಯಾಮೆರಾಗಳಿಗೆ. ಅದಕ್ಕಾಗಿ ಮನೆಯ ಒಂದು ಲಿನಕ್ಸ್ ಯಂತ್ರದಲ್ಲಿ ಕ್ರೋನಿ ಎಂಬ ಹೊತ್ತು ಹಂಚುವ ತಂತ್ರಾಂಶ ಹಾಕಿ, ಕ್ಯಾಮೆರಾದ ಎನ್‌ಟಿಪಿ (ಹೊತ್ತು ಕೇಳುವ ಸರ್ವರ್) ಜಾಗದಲ್ಲಿ ಆ ಯಂತ್ರದ ವಿಳಾಸ ಬರೆಯಿರಿ. ಕ್ರೋನಿಯ ಸಂರಚನೆಯಲ್ಲಿ ‘ಲೋಕಲ್ ಸ್ಟ್ರೇಟಮ್ 10’ ಎಂಬ ಸಾಲು ಮರೆಯಬಾರದು. ಅದಿಲ್ಲದಿದ್ದರೆ ಹೊರಗಿನ ಸರ್ವರ್ ಸಿಗದ ಕಾರಣ ತನ್ನ ಹೊತ್ತನ್ನು ನಂಬಬೇಡಿ ಎಂದೇ ಅದು ಉತ್ತರಿಸುತ್ತದೆ. ಕ್ಯಾಮೆರಾ ಕೊಳ್ಳುವಾಗ ಆರ್‌ಟಿಎಸ್‌ಪಿ ಅಥವಾ ಆನ್ವಿಫ್ (ಕಂಪನಿಯ ಸರ್ವರ್ ಇಲ್ಲದೆ ಮನೆಯೊಳಗೇ ವಿಡಿಯೊ ಕೊಡುವ ಮಾನದಂಡಗಳು) ಇದೆಯೇ ಕೇಳಿ, ಬೇರೇನೂ ಬೇಡ.

ಇಎಸ್‌ಪಿಹೋಮ್ ಸಾಧನ ಕಾಲು ಗಂಟೆಗೊಮ್ಮೆ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಅದು ಕೆಟ್ಟಿಲ್ಲ. ಹೋಮ್ ಅಸಿಸ್ಟೆಂಟ್ ಸಂಪರ್ಕಕ್ಕೆ ಬಾರದಿದ್ದರೆ 15 ನಿಮಿಷಕ್ಕೆ ರೀಬೂಟ್ ಆಗು ಎಂಬುದು ಅದರ ಮೂಲ ಸೂಚನೆ. ಹಬ್ ಇಲ್ಲದೆ ಬಳಸುವುದಿದ್ದರೆ ಅದರ ಸಂರಚನೆಯ ಎಪಿಐ ವಿಭಾಗದಲ್ಲಿ ರೀಬೂಟ್ ಟೈಮ್‌ಔಟ್ ಅನ್ನು 0 ಮಾಡಿ.

ಹೊರಗಿನಿಂದ ಮನೆ ನೋಡುವುದು ನೆಟ್ ಇಲ್ಲದೆ ಆಗದು. ಒಳಗಿದ್ದಾಗ ಎಚ್ಚರಿಕೆ ಬಂದರೆ ಸಾಕು ಎನ್ನುವವರು ಹೋಮ್ ಅಸಿಸ್ಟೆಂಟ್‌ನ ಆಂಡ್ರಾಯ್ಡ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಹಬ್‌ನೊಂದಿಗಿನ ನೇರ ಸಂಪರ್ಕವನ್ನು ಸದಾ ಜೀವಂತ ಇಡುವ ಆಯ್ಕೆ ಹಚ್ಚಿಕೊಳ್ಳಿ. ಬ್ಯಾಟರಿ ಸ್ವಲ್ಪ ಹೆಚ್ಚು ತಿನ್ನುತ್ತದೆ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಟೆದರಿಂಗ್ ತೆಗೆದು ಮನೆಯ ಮೇನ್ ಸ್ವಿಚ್ಚು ಇಳಿಸಿ, ಹತ್ತು ನಿಮಿಷ ಬಿಟ್ಟು ಏರಿಸಿ. ಹಬ್ ಸರಿಯಾದ ಹೊತ್ತು ತೋರಿಸಬೇಕು, ಸಾಧನಗಳೆಲ್ಲ ಹಳೆಯ ವಿಳಾಸದಲ್ಲೇ ಸಿಗಬೇಕು. ಬಲ್ಬುಗಳೆಲ್ಲ ಒಟ್ಟಿಗೆ ಉರಿದರೆ ಕರೆಂಟು ಬಂದಾಗಿನ ಸ್ಥಿತಿಯನ್ನು ‘ಹಿಂದಿನಂತೆ’ ಎಂದು ಬದಲಿಸಿ. ಎರಡು ದಿನ ಹೀಗೇ ನಡೆಯಲಿ. ಕಂಪನಿಯ ಸರ್ವರ್‌ಗೆ ಅಂಟಿಕೊಂಡಿದ್ದ ಸಾಧನ ಆಗ ಬಯಲಿಗೆ ಬೀಳುತ್ತದೆ, ಅಂಗಡಿಗೆ ಹಿಂದಿರುಗಿಸುವ ಅವಧಿಯೂ ಮುಗಿದಿರುವುದಿಲ್ಲ.

ಬ್ಯಾಕಪ್ ಬಗ್ಗೆ ಒಂದು ಮಾತು ಉಳಿದಿದೆ. ಹೋಮ್ ಅಸಿಸ್ಟೆಂಟ್‌ನ ಬ್ಯಾಕಪ್ ಫೈಲಿನಲ್ಲಿ ಇರುವುದು ನಿಮ್ಮ ಸೆಟ್ಟಿಂಗ್‌ಗಳು ಮತ್ತು ಮಾಹಿತಿ, ತಂತ್ರಾಂಶದ ದೊಡ್ಡ ಭಾಗವಲ್ಲ. ಹೊಸ ಕಾರ್ಡಿಗೆ ಅದನ್ನು ಮರಳಿ ಹಾಕುವಾಗ ಉಳಿದದ್ದನ್ನು ಮತ್ತೆ ನೆಟ್‌ನಿಂದಲೇ ಇಳಿಸಬೇಕು. ಆದ್ದರಿಂದ ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಪೈ ಆರಿಸಿ, ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಅಷ್ಟೇ ಅಳತೆಯ ಅಥವಾ ದೊಡ್ಡದಾದ ಎರಡನೇ ಕಾರ್ಡಿಗೆ ಪೂರ್ತಿ ನಕಲು ತೆಗೆದಿಡಿ. ಪ್ರತಿ ಅಪ್‌ಡೇಟ್‌ಗೆ ಮುಂಚೆಯೂ ಹೀಗೆಯೇ. ಮೊದಲ ಕಾರ್ಡು ಕೈಕೊಟ್ಟ ದಿನ ಎರಡನೆಯದನ್ನು ತೂರಿಸಿ ಪೈ ಹಚ್ಚಿದರಾಯಿತು.